ಸಹಿ ಹಾಕುವ ಶಕ್ತಿ ಇರುವಾಗಲೇ ಕೇಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಮನೆಯಲ್ಲಿ ವಯಸ್ಸಾದವರನ್ನು, ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುತ್ತಿರುವವರದ್ದು. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಮಾತು ಎದ್ದು ಕಂಡಿತು. ಸಹಾಯ ಇದೆ. ಆದರೆ ಕೇಳುವುದು ತಡವಾಗುತ್ತಿದೆ. ಮಗನಿಗೆ ಹದಿನೆಂಟು ದಾಟಿದ ಮೇಲೆ, ಅಪ್ಪನ ಕೈ ಬಿದ್ದುಹೋದ ಮೇಲೆ, ಮನೆ ಬರೆದುಕೊಟ್ಟಾದ ಮೇಲೆ ಪತ್ರ ಬರುತ್ತದೆ. ಆಗಲೂ ದಾರಿ ಇರುತ್ತದೆ, ಆದರೆ ಸುತ್ತು ದಾರಿ. ಅದಕ್ಕೇ ಈ ಉತ್ತರಗಳನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಗೆ 78 ವರ್ಷ. ಎರಡು ವರ್ಷದಿಂದ ಮರೆವು. ಊಟ ಮಾಡಿ ಕೈ ತೊಳೆದ ಮೇಲೆ ಪಕ್ಕದ ಮನೆಗೆ ಹೋಗಿ ಸೊಸೆ ಊಟ ಹಾಕಿಲ್ಲ ಅನ್ನುತ್ತಾರೆ. ಸಂಜೆಯಾದರೆ ತವರಿಗೆ ಹೋಗಬೇಕು ಎಂದು ಬಾಗಿಲು ಬಡಿಯುತ್ತಾರೆ. ಯಜಮಾನರು ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ನಾದಿನಿಯರಿಬ್ಬರು ಹಬ್ಬಕ್ಕೆ ಬಂದು, ಅಮ್ಮ ಸೊರಗಿದ್ದಾಳೆ ಎಂದು ನನ್ನನ್ನೇ ದೂರಿ ಹೋಗುತ್ತಾರೆ. ಒಮ್ಮೊಮ್ಮೆ ಅತ್ತೆಯ ಮೇಲೆ ಕೂಗಾಡಿಬಿಡುತ್ತೇನೆ. ಆಮೇಲೆ ಅಳು ಬರುತ್ತದೆ. ನಾನು ಕೆಟ್ಟವಳಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಇಲ್ಲಮ್ಮ. ನೀವು ದಣಿದಿದ್ದೀರಿ. ಎರಡು ವರ್ಷ ಒಬ್ಬರೇ ಮಾಡಿದರೆ ಯಾರಿಗಾದರೂ ಹೀಗೇ ಆಗುತ್ತದೆ.

ನಿಮ್ಮ ಪತ್ರದಲ್ಲಿ ವೈದ್ಯರ ಮಾತೇ ಬರಲಿಲ್ಲ. ವಯಸ್ಸಾಯಿತು, ಅರಳುಮರಳು ಎಂದು ಮನೆಯಲ್ಲಿ ಬಿಟ್ಟಿದ್ದರೆ ದಯವಿಟ್ಟು ಹಾಗೆ ಬಿಡಬೇಡಿ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಿದ್ದರೆ ಕೂಡ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಇನ್ನೊಂದು ಮಾತು ನೆನಪಿಡಿ. ನಿನ್ನೆಯವರೆಗೆ ಒಂದು ಮಟ್ಟದಲ್ಲಿದ್ದವರು ಇವತ್ತು ಏಕಾಏಕಿ ಗಲಿಬಿಲಿಯಾದರೆ ಅದು ಮೂತ್ರದ ಸೋಂಕು ಇರಬಹುದು, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ತೋರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೂ ಹೋಗಬಹುದು, ಹೋಗುವ ಮುಂಚೆ ಒಂದು ಸಲ ವಿಚಾರಿಸಿಕೊಳ್ಳಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ನಡೆಸುತ್ತಿವೆ. ಅದರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲೇ ಮರೆವಿನ ಕಾಯಿಲೆ ನೋಡುವ ವ್ಯವಸ್ಥೆ ಮಾಡಿದ್ದಾರೆ. ಹಾಗಾಗಿ ಮೊದಲ ದಿನವೇ ಬೆಂಗಳೂರಿಗೆ ಓಡಬೇಕಾಗಿಲ್ಲ.

ಊಟ ಹಾಕಿಲ್ಲ ಅನ್ನುವುದು ಸುಳ್ಳಲ್ಲ. ಅವರಿಗೆ ತಿಂದದ್ದು ನಿಜವಾಗಿಯೂ ನೆನಪಿಲ್ಲ. ಈಗ ತಾನೇ ತಿಂದಿರಲ್ಲ ಎಂದು ವಾದ ಮಾಡಿದರೆ ಅವರಿಗೆ ಅವಮಾನ, ನಿಮಗೆ ಸಿಟ್ಟು. ಊಟವನ್ನು ಎರಡು ಪಾಲು ಮಾಡಿ, ಎರಡನೆಯ ಸಲ ಕೇಳಿದಾಗ ಅರ್ಧ ಲೋಟ ಮಜ್ಜಿಗೆಯೋ ಬಾಳೆಹಣ್ಣೋ ಕೊಡಿ. ತವರಿಗೆ ಹೋಗಬೇಕು ಎಂದಾಗ ನಿಮ್ಮ ತವರಲ್ಲಿ ಯಾರಿದ್ದಾರೆ ಈಗ ಅನ್ನಬೇಡಿ. ತವರಿನಲ್ಲಿ ಏನು ಅಡುಗೆ ಮಾಡುತ್ತಿದ್ದರು, ಯಾವ ಜಾತ್ರೆಗೆ ಹೋಗುತ್ತಿದ್ದರು ಎಂದು ಕೇಳಿ. ಅವರೇ ಹೇಳುತ್ತಾ ಹೇಳುತ್ತಾ ಕೂತುಬಿಡುತ್ತಾರೆ. ಸಂಜೆ ಹೊತ್ತು ಈ ಚಡಪಡಿಕೆ ಜಾಸ್ತಿಯಾಗುವುದು ಈ ಕಾಯಿಲೆಯಲ್ಲಿ ಮಾಮೂಲು, ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಹೂ ಕಟ್ಟುವುದೋ ಸೊಪ್ಪು ಬಿಡಿಸುವುದೋ ಏನಾದರೂ ಕೈಗೆ ಕೆಲಸ ಕೊಡಿ. ಹೊರಗೆ ಹೊರಟುಬಿಟ್ಟರೆ ಎಂಬ ಭಯಕ್ಕೆ, ನಿಮ್ಮ ಫೋನ್ ನಂಬರ್ ಬರೆದ ಚೀಟಿಯನ್ನು ಬಟ್ಟೆಗೆ ಹೊಲಿದುಬಿಡಿ. ಪಕ್ಕದ ಮನೆಯವರಿಗೆ ಕಾಯಿಲೆಯ ಹೆಸರನ್ನೇ ಹೇಳಿ. ಮುಚ್ಚಿಟ್ಟಷ್ಟೂ ಕೆಟ್ಟ ಹೆಸರು ನಿಮಗೇ ಬರುತ್ತದೆ.

ಈಗ ನಾದಿನಿಯರ ವಿಷಯ. ಇದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ, ಅದಕ್ಕೆ ಒತ್ತಿ ಹೇಳುತ್ತೇನೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕಾಯ್ದೆ ಬಂದಿದೆ. ಅದರಲ್ಲಿ ಮಕ್ಕಳು ಎಂದರೆ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳು. ಸೊಸೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಅತ್ತೆಯನ್ನು ನೋಡಿಕೊಳ್ಳುವ ಕಾನೂನಿನ ಹೊಣೆ ನಿಮ್ಮ ಯಜಮಾನರದ್ದು ಮತ್ತು ಆ ಇಬ್ಬರು ಹೆಣ್ಣುಮಕ್ಕಳದ್ದು. ಇದನ್ನು ಜಗಳಕ್ಕೆ ಬಳಸಿ ಎಂದು ಹೇಳುತ್ತಿಲ್ಲ. ಯಜಮಾನರೇ ಅಕ್ಕತಂಗಿಯರನ್ನು ಕೂರಿಸಿ ಮಾತಾಡಲಿ. ತಿಂಗಳಲ್ಲಿ ಒಂದು ವಾರ ಅಮ್ಮನ ಜೊತೆ ಬಂದು ಇರಬೇಕು, ಆಗದಿದ್ದರೆ ಹಗಲು ಹೊತ್ತು ನೋಡಿಕೊಳ್ಳುವವರ ಸಂಬಳದಲ್ಲಿ ಪಾಲು ಕೊಡಬೇಕು. ಆ ಮಾತನ್ನು ನೀವು ಆಡಬಾರದು, ಮಗನೇ ಆಡಬೇಕು.

ನಿಮ್ಮ ಅಳುವಿನ ಬಗ್ಗೆ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆ ಇರುವವರಷ್ಟೇ ಅಲ್ಲ, ನೋಡಿಕೊಳ್ಳುವವರೂ ಅಲ್ಲಿಗೆ ಫೋನ್ ಮಾಡಬಹುದು. ಕೂಗಾಡುವ ಹಾಗಾದಾಗ ಅತ್ತೆ ಸುರಕ್ಷಿತವಾಗಿದ್ದಾರಾ ನೋಡಿ, ಪಕ್ಕದ ಕೋಣೆಗೆ ಹೋಗಿ ಆ ನಂಬರ್ ಒತ್ತಿ.

ಪ್ರಶ್ನೆ: ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಈಗ 19 ವರ್ಷ. ಎತ್ತಿ ಕೂರಿಸಬೇಕು, ಊಟ ಮಾಡಿಸಬೇಕು. ಹಳೆಯ ಅಂಗವಿಕಲ ಪ್ರಮಾಣಪತ್ರ ಇದೆ. ನಾನು ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ, ಪಿಎಫ್ ಇದೆ. ನಾವಿಬ್ಬರೂ ಹೋದ ಮೇಲೆ ಇವನ ಗತಿ ಏನು ಎಂಬ ಚಿಂತೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಏನೇನು ಮಾಡಿಸಿಡಬೇಕು?
(ಒಬ್ಬ ತಂದೆ, ಶಿರಸಿ ತಾಲೂಕು)

ಉತ್ತರ: ಸರ್, ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಹಳೆಯ ಪ್ರಮಾಣಪತ್ರ ಇದ್ದರೆ ಅದನ್ನೇ ಸೇರಿಸಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪಿಂಚಣಿ, ಬಸ್ ಪಾಸ್, ರೈಲು ರಿಯಾಯಿತಿ ಎಲ್ಲದಕ್ಕೂ ಈಗ ಇದೇ ಬುಡ. ಪ್ರಮಾಣಪತ್ರದಲ್ಲಿ ಬರೆದ ಶೇಕಡಾವಾರು ಸರಿ ಇದೆಯಾ ನೋಡಿಕೊಳ್ಳಿ. 40 ಇದ್ದರೆ ಸೌಲಭ್ಯ ಶುರು, ರಾಜ್ಯದ ಪಿಂಚಣಿ 75 ದಾಟಿದವರಿಗೆ ಹೆಚ್ಚು, ಆದಾಯ ತೆರಿಗೆಯ ವಿನಾಯಿತಿ 80 ದಾಟಿದವರಿಗೆ ಹೆಚ್ಚು. ಚಿಕ್ಕಂದಿನಲ್ಲಿ ಬರೆದ ಅಂಕಿ ಈಗಿನ ಸ್ಥಿತಿಗೆ ಹೊಂದದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತೆ ತಪಾಸಣೆಗೆ ಕೇಳಿ.

ಎರಡನೆಯದು, ತುಂಬಾ ಜನ ತಂದೆತಾಯಿಗೆ ಗೊತ್ತಿಲ್ಲದ್ದು. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ನೀವು ಅವನ ಪೋಷಕರಾಗಿ ಸಹಿ ಹಾಕುವ ಹಾಗಿಲ್ಲ. ಬ್ಯಾಂಕು, ಆಸ್ತಿ, ಆಸ್ಪತ್ರೆ ಎಲ್ಲಿ ಬೇಕಾದರೂ ಇದು ಅಡ್ಡ ಬರಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಇದಕ್ಕಾಗಿಯೇ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಅದು ಅನ್ವಯ. ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ ನಿಮ್ಮನ್ನೇ ಕಾನೂನು ಪೋಷಕರೆಂದು ನೇಮಿಸುತ್ತಾರೆ. ಕೋರ್ಟು ಅಲೆಯಬೇಕಾಗಿಲ್ಲ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಮಾತು ಬರದಿದ್ದರೂ ಬುದ್ಧಿ ಪೂರ್ತಿ ಚುರುಕಾಗಿರುತ್ತದೆ. ನಿಮ್ಮ ಮಗನಿಗೆ ಅರ್ಥವಾಗುತ್ತದೆ ಎಂದಾದರೆ ಅವನನ್ನೇ ಕೇಳಿ ಮುಂದುವರಿಯಿರಿ. ಅವನ ಬದುಕಿನ ತೀರ್ಮಾನ ಅವನಿಗೆ ತಿಳಿಯದ ಹಾಗೆ ಆಗಬಾರದು, ಅಲ್ವಾ?

ಇದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ. ವಯಸ್ಸಿನ ಮಿತಿ ಇಲ್ಲ, ಮೊದಲೇ ವೈದ್ಯಕೀಯ ತಪಾಸಣೆ ಇಲ್ಲ, ಫಿಸಿಯೋಥೆರಪಿ ಖರ್ಚೂ ಸೇರುತ್ತದೆ. ಖಾಸಗಿ ವಿಮೆ ಕಂಪನಿಗಳು ಇಂಥ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟು ಹಿಂದೇಟು ಹಾಕುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ. ನೀವು ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ, ಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯ ಇರುವ ಮಗನಿಗೆ ನಿಮ್ಮ ನಂತರ 25 ವರ್ಷದ ಮಿತಿಯಿಲ್ಲದೆ ಜೀವನಪೂರ್ತಿ ಪಿಂಚಣಿ ಬರುತ್ತದೆ. ಅದಕ್ಕೆ ನೀವು ಇರುವಾಗಲೇ ಪಿಎಫ್ ನಾಮಿನಿ ದಾಖಲೆಯ ಕುಟುಂಬದ ವಿವರದಲ್ಲಿ ಅವನ ಹೆಸರು, ಅಂಗವೈಕಲ್ಯ ಎರಡೂ ಇರಬೇಕು. ಈ ವಾರವೇ ನೋಡಿ. ಉಯಿಲು ಬರೆದಿಡಿ. ನಿಮ್ಮ ನಂತರ ಪೋಷಕರಾಗಿ ಯಾರು ನಿಲ್ಲಬೇಕು ಎಂದು ಮನಸ್ಸಿನಲ್ಲಿ ಇರುವವರ ಹತ್ತಿರ ಈಗಲೇ ಬಾಯಿಬಿಟ್ಟು ಮಾತಾಡಿ.

ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು. ಆದರೆ ನೋಡಿಕೊಳ್ಳುವವರು ಎಂಬ ಒಬ್ಬರು ಇದ್ದಾರೆ ಎಂದು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ದೊಡ್ಡದಾಗಿಯೇ ಕಂಡಿತು. ಇದನ್ನು ನಿಮ್ಮ ಮನೆಯಾಕೆಯ ಹೆಸರಲ್ಲೇ ಕೇಳಿ, ಎತ್ತಿ ಇಳಿಸುವವರು ಅವರೇ ಇರಬೇಕಲ್ಲ.

ಇಷ್ಟನ್ನೂ ಯಾರ ಹತ್ತಿರ ಕೇಳುವುದು? ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂದರೆ ಗೊತ್ತಾಗುತ್ತದೆ. ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಅವರಲ್ಲಿ ಬಹಳ ಮಂದಿ ಸ್ವತಃ ಅಂಗವೈಕಲ್ಯ ಇರುವವರೇ, ಕಡಿಮೆ ಗೌರವಧನಕ್ಕೆ ಮನೆಮನೆ ಸುತ್ತುತ್ತಾರೆ. ಯಾವ ಅರ್ಜಿಗೆ ಯಾವ ಕಾಗದ ಎಂದು ಅವರಿಗೆ ಗೊತ್ತಿರುವಷ್ಟು ಏಜೆಂಟರಿಗೂ ಗೊತ್ತಿರುವುದಿಲ್ಲ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಈ ಕಾರ್ಯಕರ್ತರ ಫೋನ್ ನಂಬರ್ ಇಸಿದುಕೊಳ್ಳಿ.

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಅಪ್ಪ ಅಮ್ಮ ಮೈಸೂರಿನಲ್ಲಿ ಇಬ್ಬರೇ. ಅಪ್ಪ ಇತ್ತೀಚೆಗೆ ಫೋನಿನಲ್ಲಿ ಮಾತೇ ಆಡುವುದಿಲ್ಲ, ಅಮ್ಮನಿಗೆ ಕೊಟ್ಟುಬಿಡುತ್ತಾರೆ. ನನ್ನ ಮೇಲೆ ಬೇಸರವಾ ಅಂತ ಅನಿಸುತ್ತದೆ. ದೂರದಿಂದ ನಾನು ಏನು ಮಾಡಬಹುದು?
(ಒಬ್ಬ ಮಗ)

ಉತ್ತರ: ಬೇಸರ ಇರಲಿಕ್ಕಿಲ್ಲಪ್ಪ, ಕಿವಿ ಕೇಳಿಸುತ್ತಿಲ್ಲ ಇರಬೇಕು. ಎದುರಿಗೆ ಕೂತರೆ ತುಟಿ ನೋಡಿ ಹೇಗೋ ನಿಭಾಯಿಸುವವರು ಫೋನಿನಲ್ಲಿ ಸೋತುಹೋಗುತ್ತಾರೆ. ಕೇಳಿಸಲಿಲ್ಲ ಎಂದು ಹೇಳಲು ನಮ್ಮ ಗಂಡಸರಿಗೆ ಒಂಥರಾ ಸಂಕೋಚ. ನಿಮ್ಮ ಅದೃಷ್ಟಕ್ಕೆ ಅವರು ಮೈಸೂರಿನಲ್ಲೇ ಇದ್ದಾರೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶಕ್ಕೆ ಹೆಸರಾದದ್ದು. ಅಲ್ಲಿ ಪರೀಕ್ಷೆ ಮಾಡಿಸಿ. ಕೇಳದೆ ಮೂಲೆಗೆ ಕೂತವರಿಗೆ ಮುಂದೆ ಮರೆವಿನ ಕಾಯಿಲೆಯ ಅಪಾಯವೂ ಜಾಸ್ತಿ, ಅದಕ್ಕೆ ಇದನ್ನು ಮುಂದೂಡಬೇಡಿ.

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ವಾರದ ಏಳೂ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ, ಕಾನೂನು, ಹತ್ತಿರದ ವೃದ್ಧಾಶ್ರಮ, ಯಾರಾದರೂ ಕಿರುಕುಳ ಕೊಟ್ಟರೆ ದೂರು, ಎಲ್ಲಕ್ಕೂ ಇದೇ ನಂಬರ್. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಇವನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಲು ಹೇಳಿ, ಕೆಳಗೆ ಇಬ್ಬರ ಮಾತ್ರೆಗಳ ಪಟ್ಟಿಯೂ ಇರಲಿ. ಅಪ್ಪ ಪಿಂಚಣಿದಾರರಾದರೆ ನವೆಂಬರ್‌ನಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಿಲ್ಲ. ಜೀವನ್ ಪ್ರಮಾಣ್, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂದು ತೋರಿಸುವ ಪ್ರಮಾಣಪತ್ರ, ಈಗ ಮುಖ ತೋರಿಸಿ ಮೊಬೈಲ್‌ನಲ್ಲೇ ಆಗುತ್ತದೆ, ಇಲ್ಲವೆಂದರೆ ಸಣ್ಣ ಶುಲ್ಕಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಮತ್ತೆ, ಮನೆಯ ಇನ್ನೊಂದು ಬೀಗದ ಕೈ ನಂಬಿಕೆಯ ನೆರೆಯವರೊಬ್ಬರ ಹತ್ತಿರ ಇರಲಿ. ದೂರದಲ್ಲಿರುವ ಮಕ್ಕಳು ಕ್ಯಾಮೆರಾ ಹಾಕಿಸುತ್ತಾರೆ, ನೆರೆಯವರಿಗೆ ಒಂದು ಫೋನ್ ಮಾಡುವುದನ್ನು ಮರೆಯುತ್ತಾರೆ.

ಪ್ರಶ್ನೆ: ನನಗೆ 72. ಇದ್ದ ಒಂದೇ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಅವನು ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾನೆ, ಔಷಧಕ್ಕೂ ದುಡ್ಡು ಕೊಡುವುದಿಲ್ಲ. ವಕೀಲರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.
(ಒಬ್ಬ ತಾಯಿ, ತುಮಕೂರು)

ಉತ್ತರ: ತಾಯಿ, ವಕೀಲರಿಲ್ಲದೆಯೇ ನೀವು ಕೇಳಬಹುದು. ಮೇಲೆ ಹೇಳಿದ 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಅವರ ಕಚೇರಿಯಲ್ಲಿ ನ್ಯಾಯಮಂಡಳಿ ಇದೆ. ಬಿಳಿ ಹಾಳೆಯಲ್ಲಿ ನಡೆದದ್ದನ್ನು ಬರೆದು ಕೊಡಿ. ನೀವು ಹೋಗಲಾಗದಿದ್ದರೆ ನೀವು ಒಪ್ಪಿದ ಬೇರೆಯವರು ಅಥವಾ ಒಂದು ಸಂಸ್ಥೆ ನಿಮ್ಮ ಪರವಾಗಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ಮಗನಿಗೆ ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು.

ಮನೆಯ ಬಗ್ಗೆ ಅದೇ ಕಾಯ್ದೆಯ 23ನೇ ಕಲಂ ಇದೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ಆಮೇಲೆ ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. ತೊಡಕು ಇರುವುದು ಷರತ್ತು ಎಲ್ಲಿದೆ ಎಂಬಲ್ಲಿ. ನಿಮ್ಮ ದಾನಪತ್ರದಲ್ಲಿ ಆ ಸಾಲು ಇದೆಯಾ ಎಂದು ಯಾರಿಂದಾದರೂ ಓದಿಸಿ. ಇಲ್ಲದಿದ್ದರೂ ಬೇರೆ ಕಾಗದದಲ್ಲಿ ಮಗ ಬರೆದುಕೊಟ್ಟದ್ದು ಏನಾದರೂ ಇದೆಯಾ ಹುಡುಕಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಬ್ಬ ತಾಯಿಗೆ ಮನೆ ವಾಪಸು ಕೊಡಿಸಿತು. ಅಲ್ಲಿ ಮಗ ಬೇರೆಯಾಗಿ ಬರೆದುಕೊಟ್ಟ ಮುಚ್ಚಳಿಕೆಯೇ ಆಧಾರವಾಯಿತು, ಹಿರಿಯರ ಪರವಾಗಿ ಈ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದು ಕೋರ್ಟ್ ಹೇಳಿತು. ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200, ಬರುತ್ತಿಲ್ಲವಾದರೆ ನಾಡಕಚೇರಿಯಲ್ಲಿ ಅದಕ್ಕೂ ಅರ್ಜಿ ಹಾಕಿಬಿಡಿ.

ಈ ಪತ್ರ ಓದುತ್ತಿರುವ ಉಳಿದ ಹಿರಿಯರಿಗೆ ಕೈ ಮುಗಿದು ಕೇಳುತ್ತೇನೆ. ಮಕ್ಕಳಿಗೆ ಕೊಡಬೇಕು ಎಂದಿದ್ದರೆ ಉಯಿಲು ಬರೆಯಿರಿ, ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ದಾನಪತ್ರವೇ ಮಾಡಬೇಕು ಎಂದಾದರೆ, ಜೀವ ಇರುವವರೆಗೆ ಇದೇ ಮನೆಯಲ್ಲಿ ವಾಸದ ಹಕ್ಕು, ಊಟ, ಔಷಧ ಎಂದು ಪತ್ರದಲ್ಲೇ ಬರೆಸಿ.

ಪ್ರಶ್ನೆ: ನಾನು ವೀಲ್‌ಚೇರ್ ಬಳಸುತ್ತೇನೆ, ಪದವಿ ಓದುತ್ತಿದ್ದೇನೆ. ನಮ್ಮ ತರಗತಿ ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ದಿನಾ ಗೆಳತಿಯರು ಎತ್ತಿಕೊಂಡು ಹೋಗುತ್ತಾರೆ. ನಿಮ್ಮ ಅಂಕಣದಲ್ಲಿ ಯಾವಾಗಲೂ ನೋಡಿಕೊಳ್ಳುವವರ ಕಷ್ಟವೇ ಬರುತ್ತದೆ. ನಮ್ಮದು?
(ವಿದ್ಯಾರ್ಥಿನಿ, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನೀವು ಹೇಳಿದ್ದು ಸರಿ, ಇನ್ನು ಮುಂದೆ ನಿಮ್ಮಂಥವರ ಪತ್ರಗಳಿಗೆ ಇಲ್ಲಿ ಜಾಗ ಇರುತ್ತದೆ. ದಿನಾ ಯಾರಾದರೂ ಎತ್ತಿಕೊಂಡು ಹೋಗುವುದು ವ್ಯವಸ್ಥೆಯಲ್ಲ. ಅದು ಅಪಾಯ, ಮೇಲಾಗಿ ನಿಮ್ಮ ಮರ್ಯಾದೆಯ ಪ್ರಶ್ನೆ. 2016ರ ಅಂಗವೈಕಲ್ಯ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಕಾಲೇಜು ಕಟ್ಟಡದ ಒಳಗೆ ಎಲ್ಲರೂ ಹೋಗುವ ಹಾಗಿರಬೇಕು ಎನ್ನುತ್ತದೆ. ನಾಳೆಯೇ ಆಗುವ ಪರಿಹಾರ ಎಂದರೆ ನಿಮ್ಮ ತರಗತಿಯನ್ನು ನೆಲಮಹಡಿಗೆ ಇಳಿಸುವುದು, ಅದಕ್ಕೆ ಕಟ್ಟಡ ಕಟ್ಟಬೇಕಿಲ್ಲ, ವೇಳಾಪಟ್ಟಿ ಬದಲಿಸಿದರೆ ಸಾಕು. ಪ್ರಾಂಶುಪಾಲರಿಗೆ ಬರಹದಲ್ಲಿ ಕೊಡಿ, ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಕೇಳದಿದ್ದರೆ ಅದೇ ನಕಲನ್ನು ಸೇರಿಸಿ ಬೆಂಗಳೂರಿನಲ್ಲಿರುವ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕಳಿಸಿ. ಅವರಿಗೆ ವಿಚಾರಣೆಗೆ ಕರೆಯುವ ಅಧಿಕಾರ ಇದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5, ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಮೀಸಲಾತಿ ಇದೆ, ಸ್ನಾತಕೋತ್ತರಕ್ಕೆ ಹೋಗುವಾಗ ಇದು ನೆನಪಿರಲಿ.

ಪ್ರಶ್ನೆ: ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಮಾತು ಕಡಿಮೆ, ಆದರೆ ಎಲ್ಲ ಅರ್ಥವಾಗುತ್ತದೆ. ಪಿಂಚಣಿ ಅವರೊಬ್ಬರ ಖಾತೆಗೆ ಬರುತ್ತದೆ. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ, ಅವರನ್ನೇ ಕರೆತನ್ನಿ ಅನ್ನುತ್ತಾರೆ. ಮಂಚದಿಂದ ಏಳದವರನ್ನು ಹೇಗೆ ಕರೆತರಲಿ?
(ಹೆಸರು ಬೇಡ, ರಾಯಚೂರು)

ಉತ್ತರ: ಕರೆತರಬೇಕಾಗಿಲ್ಲಮ್ಮ. ಇದಕ್ಕೆ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಹಿ ಮಾಡಲಾಗದ ಖಾತೆದಾರರು ಹೆಬ್ಬೆಟ್ಟು ಒತ್ತಬಹುದು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿಯೇ ಆಗಿರಬೇಕು. ಅಂದರೆ ಅವರೇ ನಿಮ್ಮ ಮನೆಗೆ ಬರಬೇಕು. 70 ದಾಟಿದವರಿಗೆ, ಅಂಗವೈಕಲ್ಯ ಇರುವವರಿಗೆ ಮನೆ ಬಾಗಿಲಿನ ಸೇವೆ ಕೊಡಬೇಕೆಂದು 2017ರಲ್ಲೇ ಎಲ್ಲ ಬ್ಯಾಂಕುಗಳಿಗೂ ಹೇಳಲಾಗಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ವೈದ್ಯರ ಪತ್ರ ಸೇರಿಸಿ ಮ್ಯಾನೇಜರಿಗೆ ಅರ್ಜಿ ಬರೆದು ಕೊಡಿ. ಒಪ್ಪದಿದ್ದರೆ ಅದೇ ಬ್ಯಾಂಕಿನ ಮೇಲಿನ ಕಚೇರಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅವರ ಸಹಾಯವಾಣಿ 14448.

ಅಧಿಕಾರಿ ಮನೆಗೆ ಬಂದ ದಿನವೇ ಖಾತೆಯನ್ನು ಜಂಟಿ ಮಾಡಲು ಕೇಳಿಬಿಡಿ. ಪಿಂಚಣಿ ಖಾತೆಗೆ ಹೆಂಡತಿಯ ಹೆಸರು ಸೇರಿಸಲು ಅವಕಾಶ ಇದೆ. ಅವರಿಗೆ ಎಲ್ಲ ಅರ್ಥವಾಗುತ್ತದೆ ಎಂದು ಬರೆದಿದ್ದೀರಿ, ಅದೇ ನಿಮ್ಮ ದೊಡ್ಡ ಬಲ. ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬೇಕೆಂದರೂ ಈಗಲೇ ಮಾಡಿಸಿ, ನಡೆಯಲಾಗದವರ ಮನೆಗೆ ಉಪನೋಂದಣಾಧಿಕಾರಿ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ತಿಳಿವಳಿಕೆಯೇ ಹೋದ ಮೇಲೆ ಹಳೆಯ ಅಧಿಕಾರಪತ್ರವೂ ಬೀಳುತ್ತದೆ, ಆಗ ಹೈಕೋರ್ಟಿನವರೆಗೆ ಹೋಗಿ ಪೋಷಕರಾಗಿ ನೇಮಕ ಪಡೆಯಬೇಕಾಗಬಹುದು. ಆದ್ದರಿಂದ ಜಂಟಿ ಖಾತೆ ಮೊದಲು. ಅರ್ಜಿ ಬರೆಯುವುದು ಕಷ್ಟವಾದರೆ ನಮಗೆ ಇನ್ನೊಂದು ಪತ್ರ ಹಾಕಿ, ಮಾದರಿ ಬರೆದು ಕಳಿಸುತ್ತೇನೆ.